ಕಿತ್ತೂರು ಚೆನ್ನಮ್ಮ ಮತ್ತು ಸೆರೆಸಿಕ್ಕ ಶತ್ರು

ಕಿತ್ತೂರು ರಾಣಿ ಚೆನ್ನಮ್ಮನವರ ಕಥೆಯನ್ನು ಮಕ್ಕಳಿಗೆ ಹೇಳುವಾಗ ನಾವು ಸಾಮಾನ್ಯವಾಗಿ ಥ್ಯಾಕರೆ ಸತ್ತಲ್ಲಿಗೆ ಮುಗಿಸಿಬಿಡುತ್ತೇವೆ. ಆಮೇಲೆ ನಡೆದದ್ದನ್ನೂ ಹೇಳಬೇಕು.

1778ರಲ್ಲಿ ಬೆಳಗಾವಿ ಬಳಿಯ ಕಾಕತಿಯಲ್ಲಿ ಹುಟ್ಟಿದ ಚೆನ್ನಮ್ಮ, ಕಿತ್ತೂರಿನ ಮಲ್ಲಸರ್ಜ ದೇಸಾಯಿಯವರನ್ನು ಮದುವೆಯಾದರು. 1816ರಲ್ಲಿ ಪತಿ ತೀರಿಕೊಂಡರು. ನಂತರ ಆಳಿದ ಶಿವಲಿಂಗರುದ್ರಸರ್ಜರೂ 1824ರಲ್ಲಿ ಮಕ್ಕಳಿಲ್ಲದೆ ನಿಧನರಾದರು. ದತ್ತುಪುತ್ರನನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಫಿರಂಗಿಗಳೊಂದಿಗೆ ಕೋಟೆಯ ಬಾಗಿಲಿಗೇ ಬಂದ.

ಅಕ್ಟೋಬರ್ 23ರಂದು ಬಾಗಿಲು ತೆರೆಯಿತು, ಕಿತ್ತೂರಿನ ಪಡೆ ಶತ್ರುಗಳ ಮೇಲೆ ಬಿತ್ತು. ಥ್ಯಾಕರೆಯ ಜೊತೆ ಅನೇಕರು ಸತ್ತರು. ಅವನ ಪಡೆಯಲ್ಲಿ ನಮ್ಮ ಮದರಾಸಿನ ಫಿರಂಗಿದಳವೂ ಇತ್ತು. ಅದರಲ್ಲಿ ಹೊಟ್ಟೆಪಾಡಿಗೆ ಸೇರಿದ ನಮ್ಮ ದೇಶದವರೇ ಇದ್ದರು. ಅವರಿಗೆ ಕಿತ್ತೂರಿನ ಮೇಲೆ ಯಾವ ಹಗೆ ಇತ್ತು? ಆದರೂ ಆಯುಧ ಹಿಡಿದು ಮನೆಬಾಗಿಲಿಗೆ ಬಂದವರನ್ನು ತಡೆಯಲು ರಾಣಿಗೆ ಬೇರೆ ದಾರಿ ಇರಲಿಲ್ಲ.

ಅದೇ ದಿನ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಸಿಕ್ಕರು. ಈಗ ಅವರ ಕೈಯಲ್ಲಿ ಆಯುಧವಿರಲಿಲ್ಲ. ಸೇಡು ತೀರಿಸಿಕೊಳ್ಳುವುದು ಸುಲಭವಿತ್ತು. ರಾಣಿ ಅವರ ಪ್ರಾಣಕ್ಕೆ ಕೈಹಾಕಲಿಲ್ಲ. ಯುದ್ಧ ನಿಲ್ಲುತ್ತದೆಂಬ ಭರವಸೆಯ ಮೇಲೆ ಇಬ್ಬರನ್ನೂ ಬಿಡುಗಡೆ ಮಾಡಿದರು. ಕಂಪನಿ ಮಾತು ಉಳಿಸಿಕೊಳ್ಳಲಿಲ್ಲ. ದೊಡ್ಡ ಸೈನ್ಯ ಮುತ್ತಿ, ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಬೈಲಹೊಂಗಲದ ಸೆರೆಯಲ್ಲೇ ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಕಣ್ಣುಮುಚ್ಚಿದರು.

ಹಾಗಾದರೆ ಅವರನ್ನು ಬಿಟ್ಟದ್ದು ತಪ್ಪೇ? ಲೆಕ್ಕ ಹಾಕಿದರೆ ನಷ್ಟವೇ ಕಾಣುತ್ತದೆ. ಆದರೆ ಸೆರೆಯಾಳನ್ನು ಕೊಂದಿದ್ದರೆ ಅದು ಕಾಳಗವಲ್ಲ, ಕೊಲೆ. ಯುದ್ಧದಲ್ಲಿ ಕೊಲ್ಲುವುದಕ್ಕೆ ನ್ಯಾಯವಿದ್ದರೆ ಅದು ಎದುರಾಳಿಯ ಕೈಯಲ್ಲಿ ಆಯುಧವಿರುವವರೆಗೆ ಮಾತ್ರ. ಸಿಟ್ಟಿನ ನಡುವೆಯೂ ಚೆನ್ನಮ್ಮ ಆ ಗೆರೆ ದಾಟಲಿಲ್ಲ.

ಆ ವಾಲ್ಟರ್ ಎಲಿಯಟ್‌ಗೆ ಆಗ 21 ವರ್ಷ. ಮುಂದೆ ಆತ ಕನ್ನಡ ನಾಡಿನ ಸುಮಾರು 600 ಶಾಸನಗಳ ಪ್ರತಿ ಮಾಡಿಸಿದರು. ಅಮರಾವತಿಯ ಶಿಲ್ಪಗಳನ್ನು ಮದರಾಸಿಗೆ ತರಿಸಿದವರೂ ಅವರೇ. ರಾಣಿಗೆ ಇದೆಲ್ಲ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ಕೋಟೆಯ ಬಾಗಿಲಲ್ಲಿ ಬಿದ್ದವರ ಮುಂದೆಯೂ ಹೀಗೆ ಒಂದೊಂದು ಬದುಕು ಇತ್ತು. ನ್ಯಾಯದ ಯುದ್ಧದಲ್ಲೂ ಆ ಸಾವಿನ ಭಾರ ಕಡಿಮೆಯಾಗುವುದಿಲ್ಲ. ಮಕ್ಕಳಿಗೆ ಶೌರ್ಯದ ಜೊತೆ ಇದನ್ನೂ ಹೇಳೋಣ.