ದಿಂಡಿಗಲ್ ಬೆಟ್ಟದಿಂದ ಲಂಡನ್ ಹರಾಜಿನವರೆಗೆ: ಟಿಪ್ಪುವಿನ ಹುಲಿ ಬಂದೂಕು

ದಿಂಡಿಗಲ್ ಊರಿಗೆ ಯಾವ ದಿಕ್ಕಿನಿಂದ ಬಂದರೂ ಮೊದಲು ಕಣ್ಣಿಗೆ ಬೀಳುವುದು ಆ ಬೋಳು ಬಂಡೆ. ತಲೆದಿಂಬಿನಂಥ ಕಲ್ಲು ಎಂಬ ಅರ್ಥದಲ್ಲೇ ಊರಿಗೆ ಆ ಹೆಸರು ಬಂದಿದೆ ಎನ್ನುತ್ತಾರೆ. ಮದುರೆ ನಾಯಕರು 1605ರಲ್ಲಿ ಅದರ ಮೇಲೆ ಕೋಟೆ ಕಟ್ಟಿಸಿದರು. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಮೆಟ್ಟಿಲು ಹತ್ತಿದವರಿಗೆ ಗೋಡೆಗಳು, ಖಾಲಿ ಕೋಣೆಗಳು, ಸುತ್ತಲಿನ ಊರು ಕಾಣಿಸುತ್ತವೆ. ಕಾಣಿಸದೆ ಇರುವುದು ಒಂದೇ. ಮೈಸೂರಿನ ಹೈದರಾಲಿ ತನ್ನ ಮೊದಲ ಶಸ್ತ್ರಾಗಾರವನ್ನು ಕಟ್ಟಿಕೊಂಡದ್ದು ಈ ಊರಿನಲ್ಲಿ!

2023ರಲ್ಲಿ ಬ್ರಿಟನ್ನಿನಲ್ಲಿ 20 ಲಕ್ಷ ಪೌಂಡ್ ಬೆಲೆ ಕಟ್ಟಿಸಿಕೊಂಡ ಒಂದು ಹಕ್ಕಿ ಬೇಟೆ ಬಂದೂಕಿನ ಜಾಡು ಹಿಡಿದು ಹಿಂದೆ ಹೋದರೆ, ನಾವು ಬಂದು ನಿಲ್ಲುವುದು ಇಲ್ಲೇ. ಆ ಬಂದೂಕಿನ ಒಡೆಯ ಹೈದರಾಲಿಯ ಮಗ ಟಿಪ್ಪು ಸುಲ್ತಾನ್.

ದಿಂಡಿಗಲ್ಲಿನ ಫೌಜುದಾರ

ಟಿಪ್ಪು ಹುಟ್ಟಿದ್ದು 1750ರ ನವೆಂಬರ್ 20ರಂದು, ದೇವನಹಳ್ಳಿಯಲ್ಲಿ. ಆಗ ಅಪ್ಪ ರಾಜನೂ ಅಲ್ಲ, ನವಾಬನೂ ಅಲ್ಲ. ಮೈಸೂರು ಒಡೆಯರ ಸೈನ್ಯದಲ್ಲಿ ಹೆಸರು ಮಾಡುತ್ತಿದ್ದ ಒಬ್ಬ ದಳಪತಿ, ಅಷ್ಟೆ. ಮಗನಿಗೆ ಐದರ ಆಸುಪಾಸಿನಲ್ಲಿ, ಅಂದರೆ 1755ರಲ್ಲಿ, ಹೈದರ್ ದಿಂಡಿಗಲ್ಲಿನ ಫೌಜುದಾರನಾದ. ಸೀಮೆಯ ಪಾಳೆಯಗಾರರು ಕಪ್ಪ ಕೊಡದೆ ಸತಾಯಿಸುತ್ತಿದ್ದ ಕಾಲ. ಅವರನ್ನು ಬಗ್ಗಿಸಲು ಹೈದರ್ ಸೈನ್ಯ ಕಟ್ಟಿದ. ತಿರುಚಿರಾಪಳ್ಳಿ, ಪುದುಚೇರಿ ಕಡೆಯಿಂದ ಫ್ರೆಂಚ್ ಕಸುಬುದಾರರನ್ನು ಕರೆಸಿಕೊಂಡು ಮದ್ದುಗುಂಡು, ಫಿರಂಗಿ ಕೆಲಸಕ್ಕೆ ಕಾರ್ಖಾನೆ ಹಾಕಿದ.

ಹೈದರ್ ಓದು ಬರಹ ಕಲಿತವನಲ್ಲ. ಆದರೆ ಒಂದು ಮಾತು ಅವನಿಗೆ ಚೆನ್ನಾಗಿ ತಿಳಿದಿತ್ತು. ಬಂದೂಕನ್ನು ಹೊರಗಿನಿಂದ ಕೊಳ್ಳುವವನು ಮಾರುವವನ ಅಂಕೆಯಲ್ಲಿರುತ್ತಾನೆ, ತಾನೇ ಮಾಡಿಕೊಳ್ಳುವವನು ಯಾರಿಗೂ ತಲೆಬಾಗಬೇಕಿಲ್ಲ. ದಿಂಡಿಗಲ್ಲಿನಲ್ಲಿ ಗಳಿಸಿದ ಹಣ ಮತ್ತು ಸೈನ್ಯದ ಬಲದಿಂದಲೇ ಅವನು 1761ರ ಹೊತ್ತಿಗೆ ಮೈಸೂರಿನ ಆಡಳಿತವನ್ನು ಕೈಗೆ ತೆಗೆದುಕೊಂಡ.

ಓದಿದ ಮಗ

ತನಗಿಲ್ಲದ ವಿದ್ಯೆ ಮಗನಿಗಿರಲಿ ಎಂದು ಹೈದರ್ ಗುರುಗಳನ್ನಿಟ್ಟು ಕಲಿಸಿದ. ಪಾರ್ಸಿ, ಕನ್ನಡದ ಜೊತೆಗೆ ಕುದುರೆ ಸವಾರಿ, ಕತ್ತಿವರಸೆ, ಗುರಿ ಹೊಡೆಯುವುದು ಎಲ್ಲವೂ ಆಯಿತು. 1767ರಲ್ಲಿ ಇಂಗ್ಲಿಷರೊಂದಿಗೆ ಮೊದಲ ಯುದ್ಧ ಶುರುವಾದಾಗ ಹದಿಹರೆಯದ ಟಿಪ್ಪು ಕುದುರೆ ಪಡೆಯೊಂದಿಗೆ ಮದರಾಸಿನ ಅಂಚಿನವರೆಗೂ ಹೋಗಿ ಬಂದ. 1780ರ ಸೆಪ್ಟೆಂಬರ್‌ನಲ್ಲಿ ಕಾಂಚೀಪುರದ ಬಳಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯ ನುಚ್ಚುನೂರಾಯಿತು. ಆ ದಿನ ಮೈಸೂರಿನ ಕಬ್ಬಿಣದ ರಾಕೆಟ್‌ಗಳ ಸದ್ದನ್ನು ಇಂಗ್ಲಿಷರು ಬಹುಕಾಲ ಮರೆಯಲಿಲ್ಲ.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿ ಹೈದರ್ ತೀರಿಕೊಂಡ. ಟಿಪ್ಪು ಪಟ್ಟಕ್ಕೆ ಬಂದ. ಮರುವರ್ಷವೇ ದಿಂಡಿಗಲ್ ಇಂಗ್ಲಿಷರ ಪಾಲಾಯಿತು. 1784ರ ಮಂಗಳೂರು ಒಪ್ಪಂದದಲ್ಲಿ ಅದು ಮತ್ತೆ ಮೈಸೂರಿಗೆ ಮರಳಿತು.

ಹುಲಿ ಮುಖದ ಕುದುರೆ!

ಅಪ್ಪ ದಿಂಡಿಗಲ್ಲಿನಲ್ಲಿ ಹಾಕಿದ ಬೀಜವನ್ನು ಮಗ ಮರವಾಗಿ ಬೆಳೆಸಿದ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಎಲ್ಲ ಕಡೆ ಕಾರ್ಖಾನೆಗಳು ಎದ್ದವು. 1788ರಲ್ಲಿ ಅವನ ರಾಯಭಾರಿಗಳು ಫ್ರಾನ್ಸಿನ ದೊರೆ 16ನೇ ಲೂಯಿಯ ಆಸ್ಥಾನಕ್ಕೆ ಹೋದರು. ಸೈನ್ಯದ ಸಹಾಯ ಸಿಗಲಿಲ್ಲ. ಆದರೆ ಬರುವಾಗ ಕೆಲವು ಕಸುಬುದಾರರನ್ನು ಕರೆತಂದರು.

ಸಿಪಾಯಿಗಳ ಬಂದೂಕು ಸಾದಾ ಬಂದೂಕು. ಆದರೆ ಸುಲ್ತಾನನ ಸ್ವಂತದ್ದೆಂದರೆ ಬೇರೆಯೇ ಮಾತು. ಚಕಮಕಿ ಕಲ್ಲು ಕಚ್ಚಿಕೊಂಡು ಕಿಡಿ ಹಾರಿಸುವ ಕುದುರೆಗೆ ಕೆಲವದರಲ್ಲಿ ಹುಲಿಯ ಮುಖ. ನಳಿಗೆಯ ಮೇಲೆ ಹುಲಿ ಪಟ್ಟೆ, ಚಿನ್ನ ಬೆಳ್ಳಿಯ ಕುಸುರಿ. ತಯಾರಾದ ವರ್ಷ ಅವನೇ ಜಾರಿಗೆ ತಂದ ಮೌಲೂದಿ ಪಂಚಾಂಗದ ಪ್ರಕಾರ. ಜೊತೆಗೆ ಹೈದರ್ ಎಂಬ ಮುದ್ರೆ. ಕಮ್ಮಾರನೂ ಅಕ್ಕಸಾಲಿಗನೂ ಕೂಡಿ ಮಾಡಿದ ಕೆಲಸ ಅದು. ಎಷ್ಟೋ ಸಲ ಕಸುಬುದಾರನ ಹೆಸರನ್ನೂ ಕೆತ್ತಿರುತ್ತಿದ್ದರು. ದೊರೆಯ ಬಂದೂಕಿನ ಮೇಲೆ ಕೆಲಸಗಾರನ ಹೆಸರು. ಇದು ಸಣ್ಣ ಗೌರವವೇನಲ್ಲ.

ಆರಂಭದಲ್ಲಿ ಹೇಳಿದ ಹಕ್ಕಿ ಬಂದೂಕಿನ ಮೇಲೂ ಅಸದ್ ಖಾನ್ ಮುಹಮ್ಮದ್ ಎಂಬ ಕಸುಬುದಾರನ ಹೆಸರಿದೆ. ಅದು 14 ಬೋರಿನದು. ಅಂದರೆ ಒಂದು ಪೌಂಡ್ ಸೀಸದಲ್ಲಿ 14 ಗುಂಡು ಎರಕ ಹೊಯ್ದರೆ, ಅದರಲ್ಲಿ ಒಂದು ಗುಂಡು ಹಿಡಿಸುವಷ್ಟು ನಳಿಗೆಯ ಅಗಲ. ಉದ್ದ ಸುಮಾರು 138 ಸೆಂಟಿಮೀಟರ್. ಮತ್ತೆ ಮದ್ದು ತುಂಬದೆ ಎರಡು ಸಲ ಹಾರಿಸುವ ಜಾಣ್ಮೆಯೂ ಅದರಲ್ಲಿದೆ.

ಸೋತ ಮೇಲಿನ ಕುಸುರಿ

ಆ ಬಂದೂಕು ತಯಾರಾದ ಕಾಲವನ್ನು ಗಮನಿಸಿ. 1793-94. ಅಷ್ಟರಲ್ಲಿ ಏನೇನೆಲ್ಲ ಆಗಿ ಹೋಗಿತ್ತು! 1790ರ ಆಗಸ್ಟ್‌ನಲ್ಲಿ ಕರ್ನಲ್ ಸ್ಟುವರ್ಟ್ ದಿಂಡಿಗಲ್ ಕೋಟೆಯನ್ನು ಹಿಡಿದ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ. 3 ಕೋಟಿ 30 ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ. ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ. ದಿಂಡಿಗಲ್ ಸೀಮೆ ಕಾಯಂ ಆಗಿ ಕಂಪನಿಯದಾಯಿತು.

ಮಕ್ಕಳು ಇನ್ನೂ ಒತ್ತೆಯಲ್ಲಿದ್ದಾಗಲೇ ಶುರುವಾದ ಕೆಲಸವಿರಬೇಕು ಅದು. ಅವರು ಹಿಂತಿರುಗಿದ್ದು 1794ರಲ್ಲಿ. ಸೋತ ಅರಸನೊಬ್ಬ ಬೆಳ್ಳಿ ಕುಸುರಿಯ ಹಕ್ಕಿ ಬಂದೂಕು ಮಾಡಿಸಿಕೊಂಡದ್ದು ಶೋಕಿಯೇ, ಛಲವೇ? ಓದುಗರೇ ಯೋಚಿಸಲಿ. ಕಾರ್ಖಾನೆ ಮಾತ್ರ ನಿಂತಿರಲಿಲ್ಲ, ಅದಂತೂ ನಿಜ.

ಟಿಪ್ಪುವನ್ನು ಎಲ್ಲರೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. ಕೊಡಗು, ಮಲಬಾರ್, ಮಂಗಳೂರಿನ ಮನೆಗಳಲ್ಲಿ ಅವನ ಸೈನ್ಯದ ನೆನಪು ಕಹಿಯಾಗಿಯೇ ಉಳಿದಿದೆ. ಆ ಕಾರ್ಖಾನೆಗಳಲ್ಲಿ ತಯಾರಾದ ಸಾದಾ ಬಂದೂಕುಗಳು ಆ ನೆನಪಿನಲ್ಲೂ ಇವೆ. ಕುಸುರಿ ಕೆಲಸವನ್ನು ಹೊಗಳುವಾಗ ಇದನ್ನು ಮುಚ್ಚಿಡಬಾರದು.

ಲೂಟಿಯಾಯಿತು, ಹರಾಜಾಯಿತು

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪು ಕಾದಾಡುತ್ತಲೇ ಸತ್ತ. ಅರಮನೆಯ ಒಡವೆ, ಕತ್ತಿ, ಬಂದೂಕುಗಳನ್ನು ಗೆದ್ದವರು ಹಂಚಿಕೊಂಡರು. ಹಡಗು ಹತ್ತಿದವು ಇಂಗ್ಲೆಂಡಿನ ಅರಮನೆ, ಬಂಗಲೆಗಳನ್ನು ಸೇರಿದವು.

ಮುಂದಿನದು ಸಂಗ್ರಹಕಾರರ ಕಾಲ. ಅಮೆರಿಕದಲ್ಲಿ ಪಾರ್ಕರ್ ಕಂಪನಿಯ ಹಳೆಯ ಶಾಟ್‌ಗನ್‌ಗಳಿಗೆ ಕೆತ್ತನೆ ಹೆಚ್ಚಿದಷ್ಟೂ ದರ್ಜೆ ಹೆಚ್ಚು, ಬೆಲೆ ಹೆಚ್ಚು. ಟಿಪ್ಪುವಿನ ಬಂದೂಕಿಗೂ ಅದೇ ಲೆಕ್ಕ. ರಾಬಿನ್ ವಿಗಿಂಗ್ಟನ್ ಎಂಬ ಇಂಗ್ಲಿಷ್ ಸಂಗ್ರಹಕಾರ ಇವುಗಳನ್ನು ಒಂದೊಂದಾಗಿ ಕೂಡಿಹಾಕಿದ. ಕೆತ್ತನೆ, ಮುದ್ರೆ, ವರ್ಷಗಳನ್ನು ಹೋಲಿಸಿ 1992ರಲ್ಲಿ ಪುಸ್ತಕವನ್ನೇ ಬರೆದ. ಅವನ ಸಂಗ್ರಹ 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿಗೆ ಬಂದಾಗ ಒಂದು ಬೇಟೆ ಬಂದೂಕು 7 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. 2023ರಲ್ಲಿ ಅಸದ್ ಖಾನನ ಬಂದೂಕು ದೇಶ ಬಿಟ್ಟು ಹೋಗದಂತೆ ಬ್ರಿಟಿಷ್ ಸರಕಾರವೇ ತಾತ್ಕಾಲಿಕ ತಡೆ ಹಾಕಿತು. ಮೈಸೂರಿನಿಂದ ಹೋದ ಬಂದೂಕು ಬ್ರಿಟನ್ನಿನಿಂದ ಹೋಗಬಾರದಂತೆ!

ನಮಗೆ ಉಳಿದದ್ದೇನು? 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಸಿಕ್ಕವು. ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು. ಹುಲಿ ಮುಖವಿಲ್ಲ, ಬೆಳ್ಳಿಯಿಲ್ಲ. ಲೂಟಿ ಮಾಡಿದವರಿಗೆ ಅವು ಬೇಕಿರಲಿಲ್ಲ.

ಇನ್ನು ದಿಂಡಿಗಲ್ಲಿನಲ್ಲಿ ಬರೀ ಬೆಟ್ಟ, ಬರೀ ಗೋಡೆ. ದಿಂಡಿಗಲ್ ಎಂದರೆ ಇಂದು ಎಲ್ಲರಿಗೂ ನೆನಪಾಗುವುದು ಬೀಗ. ಕಂಬಂ, ಬೋಡಿ, ತೇನಿ ಕಡೆಯ ನಮ್ಮ ಕನ್ನಡ ಮನೆಗಳವರು ಮುಂದಿನ ಸಲ ಬೀಗ ಕೊಳ್ಳಲು ಹೋದಾಗ ಒಂದು ಗಂಟೆ ಬಿಡುವು ಮಾಡಿಕೊಂಡು ಆ ಬೆಟ್ಟ ಹತ್ತಿ ಬನ್ನಿ. 20 ಲಕ್ಷ ಪೌಂಡಿನ ಬಂದೂಕಿನ ಕಥೆಗೆ ಮೊದಲ ಕಿಡಿ ಹಾರಿದ್ದು ಈ ಊರಿನಲ್ಲಿ ಎಂದು ಮಕ್ಕಳಿಗೆ ಹೇಳಿ.