ಸಿ. ವಿ. ರಾಮನ್

ಸರ್ ಚಂದ್ರಶೇಖರ ವೆಂಕಟ ರಾಮನ್ (7 ನವೆಂಬರ್ 1888 – 21 ನವೆಂಬರ್ 1970) ಭಾರತದ ಭೌತವಿಜ್ಞಾನಿ. ಬೆಳಕಿನ ಚದರಿಕೆಯನ್ನು ಕುರಿತ ಸಂಶೋಧನೆಗಾಗಿ 1930ರ ನೊಬೆಲ್ ಪ್ರಶಸ್ತಿ ಪಡೆದ ಇವರು ಬಾಳಿನ ಕೊನೆಯ 37 ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು.

ಆರಂಭಿಕ ಜೀವನ

ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿದರು. 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ತೆರಳಿ, ಬಿಡುವಿನ ವೇಳೆಯಲ್ಲಿ ಸಂಶೋಧನೆ ನಡೆಸಿದರು. 1917ರಲ್ಲಿ ಆ ಹುದ್ದೆಯನ್ನು ತೊರೆದು ಕಡಿಮೆ ವೇತನದ ಪ್ರಾಧ್ಯಾಪಕ ಹುದ್ದೆಯನ್ನು ಸ್ವೀಕರಿಸಿದರು.

ಪ್ರತಿದೀಪ್ತಿಯೋ, ಚದರಿಕೆಯೋ

ಕೆಲವು ವಸ್ತುಗಳು ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದ ಬೆಳಕನ್ನು ಹೊರಸೂಸುತ್ತವೆ, ಇದೇ ಪ್ರತಿದೀಪ್ತಿ. 1923ರಲ್ಲಿ ರಾಮನ್ ಅವರ ಶಿಷ್ಯ ಕೆ. ಆರ್. ರಾಮನಾಥನ್ ಅವರು ನೀರಿನಲ್ಲಿ ಚದರಿದ ಬೆಳಕಿನೊಡನೆ, ಬಣ್ಣ ಬದಲಾದ ಅತಿ ಮಂದ ಬೆಳಕೊಂದನ್ನೂ ಕಂಡರು. ಕಲ್ಮಶದ ಪ್ರತಿದೀಪ್ತಿ ಎಂದು ಅದನ್ನು ಭಾವಿಸಲಾಯಿತು. ಆದರೆ ದ್ರವವನ್ನು ಮತ್ತೆ ಮತ್ತೆ ಶುದ್ಧೀಕರಿಸಿದರೂ ಅದು ಮರೆಯಾಗಲಿಲ್ಲ. ಪಠ್ಯಪುಸ್ತಕಗಳು 1921ರ ಸಮುದ್ರಯಾನವನ್ನೂ ಕಡಲಿನ ನೀಲಿಯನ್ನೂ ತಪ್ಪದೆ ಹೇಳುತ್ತವೆ. ಸಂದೇಹದಲ್ಲಿ ಕಳೆದ ಈ ಐದು ವರ್ಷಗಳು ಅದಕ್ಕಿಂತ ಹೆಚ್ಚಿನ ಗಮನಕ್ಕೆ ಅರ್ಹವಾಗಿವೆ. 1928ರ ಆರಂಭದಲ್ಲಿ ಕೆ. ಎಸ್. ಕೃಷ್ಣನ್ ಅವರೊಡನೆ ನಡೆಸಿದ ಪರೀಕ್ಷೆಗಳಲ್ಲಿ ಆ ಬೆಳಕು ಪ್ರಬಲವಾಗಿ ಧ್ರುವೀಕೃತವಾಗಿರುವುದು ಕಂಡುಬಂದಿತು. ದ್ರವದಲ್ಲಿ ಕರಗಿದ ಸಾಮಾನ್ಯ ಬಣ್ಣಗಳ ಪ್ರತಿದೀಪ್ತಿಯಲ್ಲಿ ಈ ಗುಣ ಅಷ್ಟಾಗಿ ಇರುವುದಿಲ್ಲ. ಫೆಬ್ರವರಿ 28ರಂದು ರೋಹಿತದರ್ಶಕದಲ್ಲಿ ಅದು ಮೂಲ ಬೆಳಕಿನಿಂದ ಪ್ರತ್ಯೇಕವಾಗಿ ಗೋಚರಿಸಿತು.

ಜೀವಕೋಶಗಳಿಗೆ ಪ್ರತಿದೀಪ್ತ ಬಣ್ಣ ಹಚ್ಚಿ, ಲೇಸರ್ ಕಿರಣದ ಮುಂದೆ ಒಂದೊಂದಾಗಿ ಹರಿಸುವ ಇಂದಿನ ಫ್ಲೋ ಸೈಟೋಮೆಟ್ರಿಯಲ್ಲಿ ಇದೇ ಪ್ರಶ್ನೆ ತಿರುಗುಮುರುಗಾಗಿ ಎದುರಾಗುತ್ತದೆ. ಬಣ್ಣವು ಬೆಳಕನ್ನು ಎಷ್ಟು ಬಲವಾಗಿ ಹೀರುತ್ತದೆ, ಹೀರಿದುದರಲ್ಲಿ ಎಷ್ಟು ಪಾಲನ್ನು ಮರಳಿ ಸೂಸುತ್ತದೆ ಎಂಬೆರಡರ ಗುಣಲಬ್ಧವೇ ಅದರ ಪ್ರಖರತೆ. ಆದರೆ 488 ನ್ಯಾನೊಮೀಟರ್ ಲೇಸರ್ ನೀರನ್ನು ಹಾಯ್ದಾಗ ರಾಮನ್ ಚದರಿಕೆಯ ಒಂದು ಪಟ್ಟಿ ಸುಮಾರು 585 ನ್ಯಾನೊಮೀಟರಿನಲ್ಲಿ ಮೂಡುತ್ತದೆ. ಫೈಕೋಎರಿಥ್ರಿನ್ ಎಂಬ ಪ್ರಖರ ಬಣ್ಣವು ಬೆಳಗುವುದೂ ಅದರ ಸಮೀಪದಲ್ಲಿಯೇ. ಆದ್ದರಿಂದ ಬಣ್ಣವನ್ನು ಅಲ್ಪವಾಗಿ ಹಿಡಿದ ಕೋಶವನ್ನು ಗುರುತಿಸುವಾಗ ನೀರಿನ ಈ ಬೆಳಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

ಬೆಂಗಳೂರಿನಲ್ಲಿ

1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಥಮ ಭಾರತೀಯ ನಿರ್ದೇಶಕರಾದರು. ಆಡಳಿತದ ಭಿನ್ನಾಭಿಪ್ರಾಯಗಳಿಂದಾಗಿ 1937ರಲ್ಲಿ ಆ ಸ್ಥಾನವನ್ನು ಬಿಟ್ಟರೂ 1948ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು. 1934ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ನಿವೃತ್ತಿಯ ಬಳಿಕ, ಮೈಸೂರು ಸಂಸ್ಥಾನವು ನೀಡಿದ್ದ ನಿವೇಶನದಲ್ಲಿ ರಾಮನ್ ಸಂಶೋಧನಾ ಸಂಸ್ಥೆಯನ್ನು ಕಟ್ಟಿ ಬೆಳೆಸಿದರು. 1954ರಲ್ಲಿ ಭಾರತರತ್ನ ಪ್ರಶಸ್ತಿ ದೊರೆಯಿತು. ಅವರ ಅಂತ್ಯಸಂಸ್ಕಾರ ಆ ಸಂಸ್ಥೆಯ ಆವರಣದಲ್ಲಿಯೇ ನೆರವೇರಿತು. ಆ ಸ್ಥಳದಲ್ಲಿ ಸಮಾಧಿಗೆ ಬದಲಾಗಿ ಒಂದು ಮರವಿದೆ.