ಹನ್ನೊಂದು ಸಾವಿರ ಮೈಲಿಗಳ ಹಾದಿ

ಭೂಪಟದಲ್ಲಿ ಲಂಡನ್ ನಗರಕ್ಕೂ ಆಸ್ಟ್ರೇಲಿಯದ ಉತ್ತರ ತೀರದ ಡಾರ್ವಿನ್ ಪಟ್ಟಣಕ್ಕೂ ನಡುವಣ ಅಂತರವನ್ನು ಗೇಣಿನಿಂದ ಅಳೆಯಬಹುದು. ಅಲ್ಲಲ್ಲಿ ಇಳಿದು ಇಂಧನ ತುಂಬಿಕೊಂಡು ಹಾರಬೇಕಾಗಿದ್ದ ಕಾಲದಲ್ಲಿ ಆ ಹಾದಿ ಸುಮಾರು 11,000 ಮೈಲಿ, ಎಂದರೆ ಸುಮಾರು 18,000 ಕಿಲೋಮೀಟರುಗಳಷ್ಟು ದೀರ್ಘವಾಗಿತ್ತು. ಅದನ್ನು ಒಬ್ಬಂಟಿಯಾಗಿ ವಿಮಾನದಲ್ಲಿ ಕ್ರಮಿಸಿದ ಮೊದಲ ಮಹಿಳೆ ಆಮಿ ಜಾನ್ಸನ್.

ಆಮಿ 1903ರ ಜುಲೈ 1ರಂದು ಇಂಗ್ಲೆಂಡಿನ ಹಲ್ ಎಂಬ ರೇವುಪಟ್ಟಣದಲ್ಲಿ ಜನಿಸಿದಳು. ತಂದೆ ಮೀನಿನ ವ್ಯಾಪಾರಿ. ಷೆಫೀಲ್ಡ್ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಲಂಡನ್ನಿನ ವಕೀಲರ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಬಿಡುವಿನ ವೇಳೆಯಲ್ಲಿ ಹಾರಾಟ ಕಲಿತು 1929ರಲ್ಲಿ ವಿಮಾನ ಚಾಲನೆಯ ಪರವಾನಗಿ ಪಡೆದಳು. ಯಂತ್ರದ ಕೆಲಸ ಗಂಡಸರದೆಂದೇ ಜನ ಭಾವಿಸಿದ್ದ ಆ ದಿನಗಳಲ್ಲಿ, ಅದೇ ವರ್ಷ ವಿಮಾನ ದುರಸ್ತಿಯ ಇಂಜಿನಿಯರ್ ಪರವಾನಗಿಯನ್ನೂ ಗಳಿಸಿದಳು. ಬ್ರಿಟನ್ನಿನಲ್ಲಿ ಈ ಅರ್ಹತೆ ಪಡೆದ ಮೊದಲ ಮಹಿಳೆ ಆಕೆಯೇ.

1928ರಲ್ಲಿ ಬರ್ಟ್ ಹಿಂಕ್ಲರ್ ಎಂಬ ವೈಮಾನಿಕನು ಇಂಗ್ಲೆಂಡಿನಿಂದ ಡಾರ್ವಿನ್ನಿಗೆ 15½ ದಿನಗಳಲ್ಲಿ ತಲುಪಿದ್ದನು. ಈ ದಾಖಲೆಯನ್ನು ಮುರಿಯಬೇಕೆಂಬುದು ಆಮಿಯ ಹಂಬಲ. ಅದುವರೆಗೆ ಆಕೆಯ ಅತಿ ದೂರದ ಹಾರಾಟವೆಂದರೆ ಲಂಡನ್ನಿನಿಂದ ಹಲ್‌ವರೆಗೆ ಮಾತ್ರ! ತಂದೆಯೂ ಒಬ್ಬ ಉದ್ಯಮಿಯೂ ನೆರವಾದುದರಿಂದ ಹಳೆಯ ಜಿಪ್ಸಿ ಮಾತ್ ವಿಮಾನವೊಂದನ್ನು ಕೊಂಡು, ಅದಕ್ಕೆ ‘ಜೇಸನ್’ ಎಂದು ಹೆಸರಿಟ್ಟಳು. ಅದರಲ್ಲಿ ರೇಡಿಯೋ ಇರಲಿಲ್ಲ. ಚಾಲಕನ ತಲೆಯ ಮೇಲೆ ಮುಚ್ಚಿಗೆಯೂ ಇರಲಿಲ್ಲ.

1930ರ ಮೇ 5ರಂದು ಆಮಿ ಲಂಡನ್ನಿನ ಕ್ರಾಯ್ಡನ್ ವಿಮಾನನಿಲ್ದಾಣದಿಂದ ಹೊರಟಳು. ಬಾಗ್ದಾದಿನ ದಾರಿಯಲ್ಲಿ ಮರಳ ಬಿರುಗಾಳಿ ಆಕೆಯನ್ನು ಮರುಭೂಮಿಯಲ್ಲಿ ಇಳಿಸಿತು. ಆದರೂ 6 ದಿನಗಳಲ್ಲಿ ಕರಾಚಿಯನ್ನು ಸೇರಿದಾಗ ಆಕೆ ಹಿಂಕ್ಲರನಿಗಿಂತ 2 ದಿನ ಮುಂದಿದ್ದಳು. ಮುಂದೆ ಇಂಧನ ಸಾಲದೆ ಝಾನ್ಸಿಯ ಸೇನಾ ಮೈದಾನದಲ್ಲಿ ಇಳಿಯಬೇಕಾಯಿತು. ಅಲ್ಲಿಂದ ಕಲ್ಕತ್ತೆಗೂ, ಕಲ್ಕತ್ತೆಯಿಂದ ರಂಗೂನಿಗೂ ಹಾರಿದಳು.

ರಂಗೂನಿನ ಬಳಿ ಮಳೆ ಸುರಿಯುತ್ತಿತ್ತು. ಇನ್ಸೀನ್ ಎಂಬಲ್ಲಿ ಇಳಿದ ವಿಮಾನ ಹಳ್ಳಕ್ಕೆ ನುಗ್ಗಿ ರೆಕ್ಕೆ ಮುರಿಯಿತು. ಅಲ್ಲಿನ ತಾಂತ್ರಿಕ ವಿದ್ಯಾಲಯದವರು ಆಕೆಗೆ ನೆರವಾದರು. ಯುದ್ಧಕಾಲದಲ್ಲಿ ಉಳಿದಿದ್ದ ವಿಮಾನದ ಬಟ್ಟೆಯಿಂದ ಹೊಲಿಸಿದ್ದ ಅಂಗಿಗಳನ್ನು ಬಿಚ್ಚಿ ರೆಕ್ಕೆಗೆ ಹೊದಿಸಿದರು. ವಿಮಾನ ಸಿದ್ಧವಾಯಿತು, ಆದರೆ ಗಳಿಸಿದ್ದ ದಿನಗಳು ಕೈಬಿಟ್ಟು ಹೋಗಿದ್ದವು. ದಾಖಲೆ ಇನ್ನು ಸಿಗದೆಂದು ತಿಳಿದೂ ಆಮಿ ಹಿಂದಿರುಗಲಿಲ್ಲ. ಸಿಂಗಪುರ, ಜಾವಾಗಳನ್ನು ದಾಟಿ, ತಿಮೋರ್ ಸಮುದ್ರದ ಮೇಲೆ ಹಾರಿ ಮೇ 24ರಂದು ಡಾರ್ವಿನ್ನಿನಲ್ಲಿ ಇಳಿದಳು. ಪಯಣಕ್ಕೆ 19½ ದಿನಗಳು ಹಿಡಿದಿದ್ದವು. ದಾಖಲೆ ಹಿಂಕ್ಲರನದಾಗಿಯೇ ಉಳಿಯಿತು; ಆದರೆ ಜಗತ್ತು ಆಮಿಯನ್ನು ಕೊಂಡಾಡಿತು.

ಎರಡನೆಯ ಮಹಾಯುದ್ಧದಲ್ಲಿ ಆಕೆ ಸೇನಾವಿಮಾನಗಳನ್ನು ಸ್ಥಳದಿಂದ ಸ್ಥಳಕ್ಕೆ ತಲುಪಿಸುವ ಸೇವೆಗೆ ಸೇರಿದಳು. 1941ರ ಜನವರಿ 5ರಂದು ಅಂತಹ ಕಾರ್ಯದಲ್ಲಿದ್ದಾಗಲೇ ಆಕೆಯ ವಿಮಾನ ಥೇಮ್ಸ್ ನದಿಯ ಅಳಿವೆಯ ನೀರಿಗೆ ಬಿದ್ದಿತು. ದೇಹ ಸಿಗಲೇ ಇಲ್ಲ.

2018ರಲ್ಲಿ ಆಸ್ಟ್ರೇಲಿಯದ ಪರ್ತ್ ನಗರದಿಂದ ಲಂಡನ್ನಿಗೆ ಎಲ್ಲಿಯೂ ಇಳಿಯದ ವಿಮಾನಸೇವೆ ಆರಂಭವಾಯಿತು. ಸುಮಾರು 14,500 ಕಿಲೋಮೀಟರುಗಳ ಆ ಪಯಣಕ್ಕೆ ಹಿಡಿಯುವ ಕಾಲ ಸುಮಾರು 17 ಗಂಟೆ. ಖಂಡಗಳು ಹತ್ತಿರ ಬಂದಿಲ್ಲ. ಕಾಲ ಮಾತ್ರ ಕುಗ್ಗಿದೆ. ಅದನ್ನು ಕುಗ್ಗಿಸಿದವರಲ್ಲಿ ಗೆದ್ದವರಷ್ಟೇ ಅಲ್ಲದೆ, ಸೋಲು ಖಚಿತವಾದ ಮೇಲೂ ಹಾದಿಯನ್ನು ಪೂರೈಸಿದ ಆಮಿಯಂಥವರೂ ಸೇರಿದ್ದಾರೆ. ಜೇಸನ್ ವಿಮಾನವನ್ನು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕಾಪಾಡಲಾಗಿದೆ.